ಹಳೇ ಪಿಕಪ್ ಪ್ರಮಾಣ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಬರೆಯಲು ಕೂತವನು ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಹೇಳಿಬಿಡೋಣ. ಅಧಿಕಾರಿ ಎಂದರೆ ಈ ಶಾಸ್ತ್ರ ಓದಲು ಅರ್ಹತೆ ಉಳ್ಳವನು. ವೇದಾಂತದಲ್ಲಾದರೆ ಅವನಿಗೆ ವಿವೇಕ, ವೈರಾಗ್ಯ, ಶಮದಮಾದಿಗಳು, ಮೋಕ್ಷದ ಹಂಬಲ ಎಲ್ಲ ಇರಬೇಕು. ಇಲ್ಲಿ ಸೊಸೈಟಿಯಲ್ಲಿ ಸಾಲ ಮಂಜೂರಾಗಿದ್ದರೆ ಸಾಕು; ವೈರಾಗ್ಯ ಗಾಡಿ ಮನೆಗೆ ಬಂದ ಮೇಲೆ ತಾನಾಗಿ ಬರುತ್ತದೆ. ವಿಷಯ, ಸೆಕೆಂಡ್ ಹ್ಯಾಂಡ್ ಪಿಕಪ್ ಗಾಡಿ. ಸಂಬಂಧ ಎಂದರೆ ಬ್ರೋಕರ್. ಕೊಳ್ಳುವವನಿಗೂ ಮಾರುವವನಿಗೂ ನಡುವೆ ಬೇರೆ ಯಾವ ಸಂಬಂಧವೂ ಇರುವುದಿಲ್ಲ, ಬೆಳೆಯಲು ಅವನು ಬಿಡುವುದೂ ಇಲ್ಲ. ಪ್ರಯೋಜನ, ರಾತ್ರಿ ಎರಡು ಗಂಟೆಗೆ ಶಿರಾಡಿ ಘಾಟಿಯ ತಿರುವಿನಲ್ಲಿ ಬಾನೆಟ್ ಎತ್ತಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನಿಲ್ಲುವ ದುಃಖದಿಂದ ಆತ್ಯಂತಿಕ ಬಿಡುಗಡೆ.

ಪೂರ್ವಸೂರಿಗಳ ಮೌನ

ಹೊರೆ ಹೊರುವ ಪ್ರಾಣಿಗಳ ವಿಷಯದಲ್ಲಿ ನಮ್ಮ ನಾಡಿನಲ್ಲಿ ಶಾಸ್ತ್ರಕ್ಕೆ ಬರವಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯುವುದರಿಂದ ಹಿಡಿದು ಅಡುಗೆ ಮಾಡುವವರೆಗೆ ಏನೇನೋ ಇದೆ. ಅದೇ ಮನೆತನದ ಕೀರ್ತಿವರ್ಮ ಕನ್ನಡದಲ್ಲೇ ‘ಗೋವೈದ್ಯ’ ಬರೆದ. ಆದರೆ ಪಿಕಪ್ ಬಗ್ಗೆ ಇಬ್ಬರೂ ಒಂದಕ್ಷರ ಬರೆದಿಲ್ಲ. ಇದನ್ನು ಅಜ್ಞಾನವೆಂದು ಎಣಿಸಬಾರದು. ಅರಮನೆಯವರು ಯಾವ ಕಾಲಕ್ಕೂ ಸೆಕೆಂಡ್ ಹ್ಯಾಂಡ್ ಕೊಂಡವರಲ್ಲ, ಅಷ್ಟೇ.

ಇದ್ದುದರಲ್ಲೇ ಎಳೆದು ಹೊಂದಿಸುವ ಒಂದು ಪಕ್ಷವೂ ಇದೆ. 2005ರಲ್ಲಿ ಎರಡು ಸಿಲಿಂಡರಿನ, 700 ಸಿಸಿ ಡೀಸೆಲ್ ಇಂಜಿನ್ನಿನ ಟಾಟಾ ಏಸ್ ಬೀದಿಗಿಳಿದಾಗ ಉತ್ತರದವರು ಅದಕ್ಕೆ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಆನೆಯೆಂದ ಮೇಲೆ ಗಜಶಾಸ್ತ್ರ ಅನ್ವಯವಾಗಲೇಬೇಕು ಎನ್ನುತ್ತಾರೆ ಈ ಪಕ್ಷದವರು. ಹಾಗಿದ್ದರೆ 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ ಪಂಚತಂತ್ರದ ಮಿತ್ರಪ್ರಕರಣಗಳೇ ಪ್ರಮಾಣವಾಗಬೇಕು. ಬೊಲೆರೊ ಎಂಬುದು ಸ್ಪೇನಿನ ಒಂದು ಕುಣಿತ. ಆದ್ದರಿಂದ ಮಹೀಂದ್ರ ಬೊಲೆರೊ ಪಿಕಪ್ಪಿಗೆ ಭರತನ ನಾಟ್ಯಶಾಸ್ತ್ರ. ನಗಬೇಡಿ. ಹೊಂಡ ಬಿದ್ದ ರಸ್ತೆಯಲ್ಲಿ ಖಾಲಿ ಪಿಕಪ್ಪಿನ ಹಿಂಬದಿ ಕುಣಿಯುವುದನ್ನು ಒಮ್ಮೆ ಕಂಡವರು ಈ ಮತವನ್ನು ಸುಲಭಕ್ಕೆ ತಳ್ಳಿಹಾಕಲಾರರು. ಆದರೂ ಹೆಸರು ನೋಡಿ ಗಾಡಿ ಕೊಂಡರೆ ಗತಿಯಿಲ್ಲವೆಂಬ ಕಾರಣಕ್ಕೆ ನಾವು ದರ್ಶನಕಾರರ ಪ್ರಮಾಣಗಳನ್ನೇ ಹಿಡಿದು ಹೊರಡುತ್ತೇವೆ.

ಪ್ರತ್ಯಕ್ಷ

ಚಾರ್ವಾಕರು ಕಣ್ಣಿಗೆ ಕಂಡದ್ದೊಂದನ್ನೇ ನಂಬಿದರು. ಅವರ ಮತ ಯಾಕೆ ಉಳಿಯಲಿಲ್ಲ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಅವರು ಹಳೇ ಗಾಡಿ ವ್ಯಾಪಾರಕ್ಕೆ ಇಳಿದು ಮುಳುಗಿರಬೇಕು ಎಂಬುದು ಪ್ರಸ್ತುತ ಲೇಖಕನ ಊಹೆ. ಮಾರಲು ನಿಂತ ಪಿಕಪ್ಪಿನಲ್ಲಿ ಕಣ್ಣಿಗೆ ಕಾಣುವುದೆಲ್ಲ ಕಳೆದ ವಾರದ್ದೇ ಆಗಿರುತ್ತದೆ: ಪೇಂಟು, ಸೀಟ್ ಕವರು, ರಬ್ಬರ್ ಮ್ಯಾಟು, ಟೈರಿಗೆ ಬಳಿದ ಕಪ್ಪು ಪಾಲಿಶು, ಕನ್ನಡಿಗೆ ಕಟ್ಟಿದ ಸೇವಂತಿಗೆ. ಹಳೆಯದರಲ್ಲಿ ಹೊಸದು ಕಾಣುವ ಈ ಭ್ರಮೆಯನ್ನು ನೈಯಾಯಿಕರು ಅನ್ಯಥಾಖ್ಯಾತಿ ಎಂದರು, ಅದ್ವೈತಿಗಳು ಅನಿರ್ವಚನೀಯ ಎಂದರು, ಗ್ಯಾರೇಜಿನವರು ಟಿಂಕರಿಂಗ್ ಎಂದರು. ಮೂವರಲ್ಲಿ ಬಿಲ್ ಕೊಡುವವರು ಕೊನೆಯವರು ಮಾತ್ರವಾದ್ದರಿಂದ ಅವರ ಮತವೇ ಬಲವಾದದ್ದು.

ಭ್ರಮೆ ಕಳೆಯುವ ಉಪಾಯ ಸರಳ. ಬಾಗಿಲು, ಮಡ್‌ಗಾರ್ಡು, ಕ್ಯಾಬಿನ್ನಿನ ಕೆಳ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಬೇಕು. ತಗಡು ಇದ್ದಲ್ಲಿ ಠಣ್ ಅನ್ನುತ್ತದೆ, ಪಟ್ಟಿ ತುಂಬಿದ್ದಲ್ಲಿ ದಬ್ ಅನ್ನುತ್ತದೆ. ಇನ್ನೂ ಸಂಶಯವಿದ್ದರೆ ಮಕ್ಕಳ ಆಟಿಕೆಯ ಮ್ಯಾಗ್ನೆಟ್ ಒಂದನ್ನು ಜೇಬಿನಲ್ಲಿ ಒಯ್ಯಿರಿ. ಅದಕ್ಕೆ ಪೇಂಟಿನ ಹೊಳಪಿನ ಮೇಲೆ ಮೋಹವಿಲ್ಲ. ಪಟ್ಟಿ ದಪ್ಪಗಿದ್ದಲ್ಲಿ ಹಿಡಿಯದೆ ಕೆಳಗೆ ಬೀಳುತ್ತದೆ.

ಪ್ರತ್ಯಕ್ಷಕ್ಕೆ ಕಣ್ಣೊಂದೇ ದಾರಿಯಲ್ಲ, ಚರ್ಮವೂ ಇಂದ್ರಿಯವೇ. ಗಾಡಿ ನೋಡಲು ಬೆಳಗ್ಗೆ ಹೋಗಬೇಕು, ಅದೂ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲು. ಹೋದವನೇ ನಮಸ್ಕಾರ ಹೇಳುವ ಮುನ್ನ ಅಂಗೈಯನ್ನು ಬಾನೆಟ್ಟಿನ ಮೇಲೆ ಇಡಬೇಕು. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ಸವೆದ ಡೀಸೆಲ್ ಇಂಜಿನ್ ತಣ್ಣಗಿದ್ದಾಗ ಎಬ್ಬಿಸುವುದು ಕಷ್ಟ. ಒಮ್ಮೆ ಬಿಸಿಯಾದರೆ ಮುದುಕನೂ ಜಾತ್ರೆಯಲ್ಲಿ ಕುಣಿದಾನು. ಕಾಫಿ ಕುಡಿದು, ಮಳೆ ಬೆಳೆ ವಿಚಾರಿಸಿ, ಇಂಜಿನ್ ತಣಿಯುವ ತನಕ ಕಾದು, ಒಂದೇ ಸೆಲ್ಫಿಗೆ ಏಳುತ್ತದೆಯೋ ನೋಡಬೇಕು.

ಓಡಿಸಿ ನೋಡುವ ಪ್ರಕರಣದಲ್ಲಿ ಮಾರುವವನ ಕಡೆಯಿಂದ ಮೂರು ಉಪಚಾರಗಳು ಸಲ್ಲುತ್ತವೆ. ರಸ್ತೆ ಸಪಾಟಾಗಿರುತ್ತದೆ, ಗಾಡಿ ಖಾಲಿಯಿರುತ್ತದೆ, ಒಳಗೆ ಹಾಡು ಹಾಕಿರುತ್ತದೆ. ಮೂರನೆಯದನ್ನು ರಸಿಕತೆ ಎಂದು ತಿಳಿಯಬಾರದು. ಹಿಂದಿನ ಕ್ರೌನ್ ಸವೆದಿದ್ದರೆ ಹೊರಡುವ ಕುಂಯ್ ಎಂಬ ಸ್ವರಕ್ಕೆ ಅದು ಪಕ್ಕವಾದ್ಯ. ಹಾಡು ನಿಲ್ಲಿಸಿ, ಏರು ಹುಡುಕಿ, ಸಾಧ್ಯವಾದರೆ ಹಿಂದೆ ಹತ್ತು ಮೂಟೆ ಹಾಕಿಸಿ. ಮೂಟೆ ಎಂದೊಡನೆ ಮಾರುವವನಿಗೆ ತುರ್ತು ಫೋನ್ ಬಂದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಅನುಮಾನ

ತರ್ಕಶಾಸ್ತ್ರದ ವಿದ್ಯಾರ್ಥಿಗೆ ಮೊದಲ ದಿನ ಹೇಳಿಕೊಡುವ ಪಾಠ: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಅಡುಗೆಮನೆಯಲ್ಲಿ ಹಾಗೆ ಕಂಡಿದ್ದೇವೆ, ಸರೋವರದಲ್ಲಿ ಕಂಡಿಲ್ಲ. ಸಾವಿರಾರು ವರ್ಷ ಈ ಹೊಗೆಯ ಸುತ್ತ ವಾದ ನಡೆಯಿತು. ವ್ಯಾಪ್ತಿ, ಪಕ್ಷಧರ್ಮತೆ, ಉಪಾಧಿ ಎಂದು ಗ್ರಂಥದ ಮೇಲೆ ಗ್ರಂಥ ಬಂತು. ಹೊಗೆ ಯಾವ ಬಣ್ಣದ್ದು ಎಂದು ಮಾತ್ರ ಯಾರೂ ಮುಖ್ಯ ಪ್ರಶ್ನೆ ಮಾಡಿಕೊಂಡಂತಿಲ್ಲ. ಬೆಟ್ಟಕ್ಕೆ ಸೈಲೆನ್ಸರ್ ಇರಲಿಲ್ಲ ಎಂಬುದೇ ಕಾರಣವಿರಬೇಕು.

ಪಿಕಪ್ ನ್ಯಾಯದಲ್ಲಿ ಹೊಗೆ ಮೂರು ಬಗೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು. ಇದು ಸಾಧ್ಯರೋಗ, ಕಾಸು ಖರ್ಚಾದರೂ ಗುಣವಾಗುತ್ತದೆ. ಬಿಳಿ ಹೊಗೆ ಚಳಿಗಾಲದ ಬೆಳಗ್ಗೆ ಎರಡು ನಿಮಿಷ ಬಂದು ಹೋದರೆ ಅದು ಮಂಜಿನ ಕುಲದ್ದು, ಬಿಡಿ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ಕ್ಯಾಪಿನ ಒಳಮೈ ಚಹಾಕ್ಕೆ ಹಾಲು ಬೆರೆತ ಬಣ್ಣ ತಿರುಗಿದ್ದರೆ ನೀರೂ ಆಯಿಲೂ ಒಂದಾಗಿವೆ. ಎಲ್ಲದರಲ್ಲೂ ಅಭೇದ ಕಾಣುವವರು ಇಲ್ಲಿ ಮಾತ್ರ ಭೇದವಾದಿಗಳಾಗಿ ಉಳಿಯುವುದು ಕ್ಷೇಮ. ನೀಲಿ ಹೊಗೆ ಎಲ್ಲಕ್ಕಿಂತ ಘೋರ. ಅದು ಇಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಬದುಕುತ್ತಿದೆ ಎಂಬುದರ ಗುರುತು. ಪಿಸ್ಟನ್ ರಿಂಗು, ಇಲ್ಲವೇ ವಾಲ್ವ್ ಸೀಲು ಸವೆದಿದೆ. ಇದನ್ನು ಬ್ರೋಕರನ ಮುಂದೆ ಸ್ಥಾಪಿಸುವಾಗ ಐದು ಅವಯವಗಳನ್ನೂ ಬಿಡದೆ ಹೇಳಬೇಕು:

ಪ್ರತಿಜ್ಞೆ: ಈ ಗಾಡಿ ಆಯಿಲ್ ಕುಡಿಯುತ್ತದೆ.
ಹೇತು: ನೀಲಿ ಹೊಗೆ ಇರುವುದರಿಂದ.
ಉದಾಹರಣೆ: ಎಲ್ಲೆಲ್ಲಿ ನೀಲಿ ಹೊಗೆಯೋ ಅಲ್ಲಲ್ಲಿ ಆಯಿಲ್ ಕುಡಿತ, ಹೋದ ವರ್ಷ ನಮ್ಮ ಭಾವಮೈದ ಕೊಂಡ ಗಾಡಿಯ ಹಾಗೆ.
ಉಪನಯ: ಈ ಗಾಡಿಯೂ ಅಂಥದೇ.
ನಿಗಮನ: ಆದ್ದರಿಂದ ಎಂಬತ್ತು ಸಾವಿರ ಇಳಿಸಿ.

ಗೌತಮನ ನ್ಯಾಯದಲ್ಲಿ ನಿಗಮನ ಎಂದರೆ ಪ್ರತಿಜ್ಞೆಯ ಪುನರುಕ್ತಿ. ನಮ್ಮ ನ್ಯಾಯದಲ್ಲಿ ಅದು ರೂಪಾಯಿಯಲ್ಲಿ ಇರತಕ್ಕದ್ದು. ನವ್ಯನ್ಯಾಯಕ್ಕಿಂತ ಮುಂದಿನ ಘಟ್ಟವೆಂದು ಇದನ್ನು ಗುರುತಿಸಲು ಅಡ್ಡಿಯಿಲ್ಲ.

ಇನ್ನೊಂದು ಲಿಂಗ ಪರೀಕ್ಷೆಯಿದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಕ್ಯಾಪನ್ನು ತೆಗೆದು, ಅದೇ ತೂತಿನ ಮೇಲೆ ಸುಮ್ಮನೆ ಬೋರಲು ಇಡಬೇಕು. ಸಣ್ಣಗೆ ನಡುಗಿದರೆ ಪರವಾಗಿಲ್ಲ. ತಾಳ ಹಾಕಿ ಕುಣಿದು ಕೆಳಗೆ ಹಾರಿದರೆ, ಜೊತೆಗೆ ಹೊಗೆಯೂ ಬುಸುಗುಟ್ಟಿದರೆ, ಮೇಸ್ತ್ರಿಗಳು ‘ಬ್ಯಾಕ್ ಕಂಪ್ರೆಶನ್ ಹೊಡೀತಿದೆ’ ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಡುತ್ತಾರೆ. ಬೋರು, ಪಿಸ್ಟನ್ನು, ರಿಂಗು ಎಲ್ಲ ಕೈಗೆ ಬಂತು ಎಂದು ಅದರ ಭಾಷ್ಯ. ‘ಇಂಜಿನ್ನಿಗೆ ಕೈ ಹಾಕಿಲ್ಲ ಸಾರ್’ ಎಂದು ಮಾರುವವನು ಹೇಳಿದ್ದು ಆಗ ಪೂರ್ತಿ ನಿಜವೆಂದು ತಿಳಿಯುತ್ತದೆ. ಕೈ ಹಾಕಬೇಕಿತ್ತು.

ಇಲ್ಲಿ ಒಂದು ಹೇತ್ವಾಭಾಸದ ಎಚ್ಚರಿಕೆ ಕೊಡಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ, ಹೊಗೆಯ ಮಸಿಯನ್ನು ದಾರಿಯಲ್ಲೇ ಹಿಡಿದಿಡುವ ಫಿಲ್ಟರಿರುವ ಡೀಸೆಲ್ ಗಾಡಿಗಳು ಬಂದವು. ಇವುಗಳಲ್ಲಿ ಬೇನೆಯಿದ್ದರೂ ಹೊಗೆ ಅಷ್ಟಾಗಿ ಕಾಣದು. ಹೊಗೆಯಿಲ್ಲದ ಬೆಂಕಿಯನ್ನು ಹಳಬರು ಒಪ್ಪಿದ್ದರು, ಕಾದ ಕಬ್ಬಿಣದ ಗುಂಡೇ ಅವರಿಗೆ ಉದಾಹರಣೆ, ನಾವೂ ಒಪ್ಪೋಣ. ಇಂಥ ಗಾಡಿಗೆ ಸ್ಕ್ಯಾನರ್ ಹಾಕಿಸಿ ಒಳಗಿನ ದೂರುಗಳನ್ನು ಓದಿಸಬೇಕು. ಅದಕ್ಕೂ ಮುನ್ನ, ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಇಂಜಿನ್ನಿಗೆ ರೋಗ. ಹತ್ತದೇ ಇದ್ದರೆ ರೋಗ ಇಂಜಿನ್ನಿಗೂ ಇದೆ, ಮಾರುವವನ ಮನಸ್ಸಿಗೂ ಇದೆ. ಆ ದೀಪದ ಬಾಯಿ ಕಟ್ಟಲಾಗಿದೆ.

ಶಬ್ದ: ಶ್ರುತಿ, ಸ್ಮೃತಿ, ಸ್ಯಾದ್ವಾದ

ಆಪ್ತವಾಕ್ಯವೇ ಶಬ್ದಪ್ರಮಾಣ. ವಸ್ತುವನ್ನು ಇದ್ದಂತೆ ತಿಳಿದು, ತಿಳಿದಂತೆ ಹೇಳುವ ಮನಸ್ಸಿರುವವನು ಆಪ್ತ. ಮಾರುವವನಿಗೆ ತಿಳಿವಿದೆ, ಹೇಳುವ ಮನಸ್ಸಿಲ್ಲ. ಕೊಳ್ಳುವವನ ಜೊತೆಗೆ ಬಂದ ಚಿಕ್ಕಪ್ಪನಿಗೆ ಹೇಳುವ ಮನಸ್ಸು ಧಾರಾಳವಾಗಿದೆ, ತಿಳಿವಿಲ್ಲ. ಬ್ರೋಕರ್ ಎರಡೂ ಕಡೆಯಿಂದ ಕಮಿಷನ್ ಪಡೆಯುವುದರಿಂದ ಇಬ್ಬರಿಗೂ ಸಮಾನ ಆಪ್ತ, ಅಂದರೆ ಸಮಾನ ಅನಾಪ್ತ. ಉಳಿದವರು ಗ್ಯಾರೇಜಿನ ಮೇಸ್ತ್ರಿ. ಅವರು ನಿಮ್ಮ ಊರಿನವರಾಗಿರಬೇಕು, ಮಾರುವವನ ಊರಿನವರಾಗಿರಬಾರದು ಎಂಬುದೊಂದೇ ಉಪಾಧಿ. ಮೇಸ್ತ್ರಿಯ ವಾಕ್ಯಗಳು ಸೂತ್ರರೂಪದವು. ಗಾಡಿಯಡಿ ಮಲಗಿ ಎದ್ದು, ಕೈ ಒರೆಸಿಕೊಂಡು ‘ಹ್ಞೂಂ’ ಎಂದರೆ ಕೊಳ್ಳಬಹುದು. ‘ನೋಡಿ, ನಿಮ್ಮಿಷ್ಟ’ ಎಂದರೆ ಚಪ್ಪಲಿ ಹಾಕಿಕೊಳ್ಳಿ.

ಪೌರುಷೇಯ ವಾಕ್ಯಗಳ ಪಾಡು ಇದಾದರೆ, ಶ್ರುತಿಸ್ಥಾನದಲ್ಲಿ ಇರುವುದು ಆರ್‌ಸಿ. ಎಫ್‌ಸಿ, ಇನ್ಶೂರೆನ್ಸು, ಪರ್ಮಿಟ್ಟು, ಟ್ಯಾಕ್ಸು, ಎಮಿಷನ್ನು ಅದರ ಅಂಗಗಳು. ಮಾರುವವನ ಮಾತು ಸ್ಮೃತಿ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದಾಗ ಶ್ರುತಿಯೇ ಬಲವೆಂದು ಮೀಮಾಂಸಕರು ತೀರ್ಮಾನಿಸಿದ್ದಾರೆ, ಆರ್‌ಟಿಒದವರದೂ ಅದೇ ಮತ. ‘ಲೋನ್ ಕ್ಲಿಯರ್ ಸಾರ್, ಮೂರು ವರ್ಷ ಆಯ್ತು’ ಎನ್ನುತ್ತದೆ ಸ್ಮೃತಿ. ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಇನ್ನೂ ಕೂತಿರುತ್ತದೆ. ಎನ್‌ಒಸಿ ಮತ್ತು ಫಾರಂ 35 ಬಂದು ಆ ಹೆಸರು ಅಳಿಯುವವರೆಗೆ ಗಾಡಿಗೆ ಇನ್ನೊಬ್ಬ ಯಜಮಾನ ಇದ್ದಾನೆ; ಕಂತು ನಿಂತರೆ ಅವನು ರಾತ್ರೋರಾತ್ರಿ ಬಂದು ಕರೆದುಕೊಂಡು ಹೋಗಬಲ್ಲ. ಎಫ್‌ಸಿಯ ತಾರೀಕಿನಲ್ಲೂ ಒಂದು ರಹಸ್ಯವಿದೆ. ಸರಕಿನ ಗಾಡಿಗೆ ಎಂಟು ವರ್ಷದವರೆಗೆ ಎರಡೆರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಏಳೂವರೆ ವರ್ಷದ ಗಾಡಿಗಳು ಮಾರುಕಟ್ಟೆಯಲ್ಲಿ ಏಕೆ ಇಷ್ಟೊಂದು ಎಂದು ಅಚ್ಚರಿಪಡುವವರು ಜ್ಯೋತಿಷ್ಯದ ಏಳೂವರೆ ಶನಿಯನ್ನು ಸುಮ್ಮನೆ ದೂರಬಾರದು.

ಇನ್ನು ಟ್ರಾನ್ಸ್‌ಫರ್. ಅದೇ ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನದೊಳಗೆ, ಕೊಂಡವನು ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ವಿಧಿಸುತ್ತದೆ. ನಮ್ಮ ಕಡೆಯ ರೂಢಿಯೇ ಬೇರೆ. ಮೊದಲ ಓನರ್ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳುತ್ತಾನೆ. ಆ ಹಾಳೆಗಳು ಗಾಡಿಯ ಜೊತೆಗೆ ಮೂರು ನಾಲ್ಕು ಕೈ ದಾಟಿ, ಮಡಿಕೆಗಳಲ್ಲಿ ಹರಿದು, ಪ್ಲಾಸ್ಟಿಕ್ ಕವರಿನೊಳಗೆ ಬಂದು ನಿಮ್ಮನ್ನು ಸೇರುತ್ತವೆ. ಕರ್ಮಸಿದ್ಧಾಂತಕ್ಕೆ ಇದೊಂದು ಸವಾಲು. ಅಲ್ಲಿ ಜೀವ ಒಂದೇ, ದೇಹಗಳು ಬದಲಾಗುತ್ತವೆ. ಇಲ್ಲಿ ದೇಹ ಒಂದೇ, ಜೀವಗಳು ಬದಲಾಗುತ್ತವೆ. ಕರ್ಮಫಲ ಮಾತ್ರ ಮೊದಲ ಜೀವದ ಮನೆಗೆ ಕೋರ್ಟಿನ ನೋಟಿಸಾಗಿ ಹೋಗುತ್ತದೆ. ಹಲವು ಕೈ ಬದಲಾಗಿ ಅಪಘಾತ ಮಾಡಿದ ಗಾಡಿಯೊಂದರ ವಿಷಯದಲ್ಲಿ, ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಳ್ಳುವವನಿಗೆ ಇದರಿಂದೇನು ಎನ್ನಬೇಡಿ. ನೀವೂ ಒಂದು ದಿನ ಮಾರುವವರೇ.

ಕೊನೆಗೆ ಸ್ಯಾದ್ವಾದ. ಶತಮಾನಗಳ ಕಾಲ ಜೈನ ದರ್ಶನ ಬೇರೂರಿದ್ದ ನಾಡು ನಮ್ಮದು. ಸಪ್ತಭಂಗಿ ನಯ ಗ್ರಂಥಗಳಲ್ಲಿ ಮಾತ್ರ ಉಳಿದಿದೆಯೆಂದು ತಿಳಿದವರು ಬ್ರೋಕರನಿಗೆ ‘ಗಾಡಿ ಆಕ್ಸಿಡೆಂಟ್ ಆಗಿದೆಯಾ?’ ಎಂದು ಒಮ್ಮೆ ಕೇಳಿ ನೋಡಲಿ.

‘ಆಕ್ಸಿಡೆಂಟಾ? ಛೇ, ಇಲ್ಲ ಬಿಡಿ ಗೌಡ್ರೆ.’
‘ಹಂಗಾದ್ರೆ ಈ ಬಾಗಿಲು?’
‘ಅದು ಆಗಿದೆ. ಆದ್ರೆ ಅದನ್ನ ಆಕ್ಸಿಡೆಂಟ್ ಅನ್ನಕ್ಕಾಗಲ್ಲ.’
‘ಮತ್ತೇನಂತಾರೆ?’
‘ಆಗಿದೆ ಅಂದ್ರೆ ಆಗಿದೆ, ಇಲ್ಲ ಅಂದ್ರೆ ಇಲ್ಲ. ನಿಂತ ಗಾಡಿಗೆ ಬಂದು ತಾಗ್ಸಿದ್ದು.’
‘ಚಾಸಿಸ್‌ಗೆ ಏಟು ಬಿದ್ದಿದೆಯೋ?’
‘ಅದನ್ನ ಬಾಯಲ್ಲಿ ಹೇಳಕ್ಕಾಗಲ್ಲ, ನೀವೇ ನೋಡಿ.’

ಅಸ್ತಿ, ನಾಸ್ತಿ, ಅಸ್ತಿನಾಸ್ತಿ, ಅವಕ್ತವ್ಯ: ನಾಲ್ಕು ಭಂಗಿಗಳು ಅರ್ಧ ನಿಮಿಷದಲ್ಲಿ ಮುಗಿದವು. ಉಳಿದ ಮೂರು ಅಡ್ವಾನ್ಸ್ ಕೊಟ್ಟ ಮೇಲೆ ದೊರೆಯುತ್ತವೆ.

ಶಾಸನಶಾಸ್ತ್ರೀಯ ವಿವೇಚನೆ

ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗಾಗಿ ಊರೂರಿನ ಸಾವಿರಾರು ಕಲ್ಲುಗಳನ್ನು ಓದಿಸಿದರು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬಡಿದು ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಶಾಸನದವರ ವಿಧಾನ. ಇದು ಇಂದಿಗೂ ಜೀವಂತವಾಗಿ ಉಳಿದಿರುವುದು ಆರ್‌ಟಿಒ ಕಚೇರಿಗಳ ಎದುರು, ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕುವ ಏಜೆಂಟರ ಕೈಯಲ್ಲಿ. ಆ ಪ್ರಿಂಟು ಸರಿಯಾಗಿ ಮೂಡದಿದ್ದರೆ, ಅಕ್ಷರಗಳು ಸೊಟ್ಟಗಿದ್ದರೆ, ಸುತ್ತಲಿನ ತಗಡು ಅರೆದು ನುಣುಪಾಗಿದ್ದರೆ ಅದು ಕೂಟಶಾಸನ. ಗಾಡಿ ಮುಟ್ಟದೆ ಹಿಂದೆ ಬನ್ನಿ.

ಚಾಸಿಸ್ ನಂಬರು ಹದಿನೇಳು ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಹತ್ತನೆಯ ಅಕ್ಷರ ಸಾಮಾನ್ಯವಾಗಿ ತಯಾರಾದ ವರ್ಷವನ್ನು ಹೇಳುತ್ತದೆ: ಜಿ ಅಂದರೆ 2016, ಎಚ್ ಅಂದರೆ 2017, ಐ ಬಿಟ್ಟು ಜೆ ಅಂದರೆ 2018. ಕಟಪಯಾದಿ ಗೊತ್ತಿರುವ ಪಂಚಾಂಗದ ಭಟ್ಟರು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಟೈರಿನ ಮಗ್ಗುಲಿನಲ್ಲಿ ನಾಲ್ಕಂಕಿಯ ಇನ್ನೊಂದು ಕಿರುಶಾಸನವಿದೆ. 3521 ಎಂದಿದ್ದರೆ 2021ರ ಮೂವತ್ತೈದನೆಯ ವಾರ. ‘ಟೈರ್ ಹಾಕ್ಸಿ ಆರ್ ತಿಂಗ್ಳೂ ಆಗಿಲ್ಲ’ ಎಂಬ ಪ್ರಶಸ್ತಿಭಾಗವನ್ನು ಈ ಕಾಲೋಲ್ಲೇಖದ ಜೊತೆ ಹೋಲಿಸಿ ಓದಬೇಕು. ರೀಸೋಲ್ ಮಾಡಿಸಿದ ಟೈರಾದರೆ ಹೂವು ಹೊಸದು, ಶಾಸನ ಹಳೆಯದು.

ಆದರೆ ನಿಜವಾದ ವಿದ್ವತ್ತು ಬೇಕಾಗುವುದು ಹಿಂದಿನ ಡೋರಿನ ಬಳಿ. ‘ಸಿಂಗಲ್ ಓನರ್’ ಎಂದು ಸಾರಿದ ಗಾಡಿಯ ಹಿಂಬದಿಯನ್ನು ಸಂಜೆಯ ಓರೆ ಬೆಳಕಿನಲ್ಲಿ ನೋಡಬೇಕು. ಮೇಲುಪದರದಲ್ಲಿ ‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ’. ಅದರ ಅಡಿಯಲ್ಲಿ, ಪೇಂಟಿನೊಳಗಿಂದ ಉಬ್ಬಿಕೊಂಡು, ‘ಶ್ರೀ ಮಂಜುನಾಥ ಕೃಪೆ’. ಅದಕ್ಕೂ ಅಡಿಗೆ ‘ಮಲೆ ಮಹದೇಶ್ವರ’. ದೇವರುಗಳಿಗೆ ಗಡಿಯಿಲ್ಲ ಎಂಬುದು ಭಕ್ತಿಯ ಮಾತು. ಪಿಕಪ್ಪಿನ ಹಿಂದೆ ಅವರಿಗೆ ಜಿಲ್ಲೆಗಳಿವೆ. ಗಾಡಿ ಚಾಮರಾಜನಗರದ ಕಡೆ ಹುಟ್ಟಿ, ಕರಾವಳಿಯ ದಿಕ್ಕಿಗೆ ಹೋಗಿ, ಈಗ ಕೊಪ್ಪಳದ ಸೀಮೆಯಲ್ಲಿ ನಿಂತಿದೆ ಎಂದು ಊಹಿಸುವುದಕ್ಕೆ ಇಷ್ಟು ಆಧಾರ ಸಾಕು. ಪಕ್ಕದಲ್ಲಿ ಬರೆದ ಮಕ್ಕಳ ಹೆಸರನ್ನೂ ಎಣಿಸಿ. ಮೂರು ಪದರಗಳಲ್ಲಿ ಏಳು ಮಕ್ಕಳ ಹೆಸರು ಸಿಕ್ಕರೆ ಸಿಂಗಲ್ ಓನರನ ಸಂಸಾರ ದೊಡ್ಡದಿರಬಹುದು. ಪ್ರತಿ ಮಗುವಿಗೂ ಬೇರೆ ಪೇಂಟರ್ ಹಿಡಿಯುವ ಅಪ್ಪ ಮಾತ್ರ ಇರಲಾರ.

ಅರ್ಥಾಪತ್ತಿ, ಮತ್ತು ಹೊರೆಯ ಗೋತ್ರಗಳು

ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ; ಆದ್ದರಿಂದ ಅವನು ರಾತ್ರಿ ಉಣ್ಣುತ್ತಾನೆ. ಮೀಮಾಂಸಕರ ಅರ್ಥಾಪತ್ತಿಗೆ ಇದೇ ಹೆಸರಾಂತ ಉದಾಹರಣೆ. ಈ ದೇವದತ್ತನನ್ನು ನಾವು ದಿನಾ ಕಾಣುತ್ತೇವೆ. ಮೀಟರ್ ನಲವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದೆ. ಕ್ಲಚ್ ಪೆಡಲಿನ ರಬ್ಬರ್ ಬೋಳಾಗಿ ಕಬ್ಬಿಣ ಕಾಣುತ್ತಿದೆ, ಸ್ಟೇರಿಂಗು ಕನ್ನಡಿಯ ಹಾಗೆ ಹೊಳೆಯುತ್ತಿದೆ, ಡ್ರೈವರ್ ಸೀಟಿನ ಸ್ಪಂಜು ಒಂದು ಮಗ್ಗುಲಿಗೆ ಕುಸಿದಿದೆ. ಆದ್ದರಿಂದ ಗಾಡಿ ರಾತ್ರಿ ಉಂಡಿದೆ. ಮೀಟರ್ ತಿರುಗಿಸಿದ್ದಾರೆ, ಇಲ್ಲವೇ ವೈರು ಕಿತ್ತು ಓಡಿಸಿದ್ದಾರೆ.

ಪ್ರಸ್ತುತ ಲೇಖಕನ ಸಿದ್ಧಾಂತ ಇಲ್ಲಿಂದ ಶುರುವಾಗುತ್ತದೆ. ಮೀಟರ್ ನಿಜವನ್ನೇ ಹೇಳಿದರೂ ಅದು ಹೇಳುವುದು ಗಾಡಿ ಎಷ್ಟು ದೂರ ಹೋಯಿತು ಎಂದು, ಏನು ಹೊತ್ತು ಹೋಯಿತು ಎಂದಲ್ಲ. ಪಿಕಪ್ಪಿನ ವಯಸ್ಸು ಕಿಲೋಮೀಟರಿನಲ್ಲೂ ಇಲ್ಲ, ಆರ್‌ಸಿಯ ತಾರೀಕಿನಲ್ಲೂ ಇಲ್ಲ, ಅದು ಹೊತ್ತ ಹೊರೆಯಲ್ಲಿದೆ. ಆದ್ದರಿಂದ ‘ಎಷ್ಟು ಓಡಿದೆ?’ ಎಂದು ಕೇಳುವುದು ಬಾಲಿಶ. ಕೇಳಬೇಕಾದದ್ದು, ‘ಇದು ಯಾವ ಗೋತ್ರದ ಗಾಡಿ?’

ಜಲ್ಲಿ ಗೋತ್ರ ಎಲ್ಲಕ್ಕಿಂತ ದಾರುಣ. ಎಂ ಸ್ಯಾಂಡು, ಜಲ್ಲಿ, ಸೈಜುಗಲ್ಲು, ಸಿಮೆಂಟು ಹೊತ್ತವು ಇದರಲ್ಲಿ ಸೇರುತ್ತವೆ. ಮೊದಲ ಟಾಟಾ ಏಸಿನ ಮೇಲೆ ಕಂಪನಿಯವರು ಮುಕ್ಕಾಲು ಟನ್ ಹೊರೆ ಎಂದು ನಿಗದಿ ಮಾಡಿದ್ದರು. ನಮ್ಮವರು ಅದನ್ನು ಕನಿಷ್ಠ ಮಿತಿಯೆಂದು ಓದಿಕೊಂಡರು. ಒಂದೂವರೆ ಟನ್ನಿನ ಬೊಲೆರೊಗೂ ಅದೇ ಗೌರವ ಸಂದಿತು. ಇಂಥ ಗಾಡಿಯ ಲೋಡ್ ಬಾಡಿಯ ತಳ ಸಿಡುಬು ಬಂದ ಮುಖದಂತೆ ಕುಳಿ ಬಿದ್ದಿರುತ್ತದೆ. ಹೊಸ ತಗಡು ಹಾಸಿದ್ದರೆ ಅಡಿಯಿಂದ ನೋಡಬೇಕು. ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಎಣಿಸಿ, ಎಡಕ್ಕೂ ಬಲಕ್ಕೂ ಹೋಲಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಪ್ಲೇಟು ಹೆಚ್ಚಿದ್ದರೆ ಅದು ಗಾಡಿಯ ಶಕ್ತಿಯಲ್ಲ, ಯಜಮಾನನ ಆಸೆ. ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ಪಕ್ಕದಿಂದ ನೋಡಬೇಕು. ಕ್ಯಾಬಿನ್ನಿಗೂ ಲೋಡ್ ಬಾಡಿಗೂ ನಡುವಿನ ಸಂದು ಮೇಲಿಂದ ಕೆಳಕ್ಕೆ ಒಂದೇ ಅಗಲ ಇರಬೇಕು. ಮೇಲೆ ಅಗಲ, ಕೆಳಗೆ ಕಿರಿದು ಎಂದಾದರೆ ಚಾಸಿಸ್ ಬಾಗಿದೆ. ಬಾಗಿದ ಚಾಸಿಸ್ಸನ್ನು ಎತ್ತಿ ಕಟ್ಟಿ ವೆಲ್ಡಿಂಗ್ ಮಾಡಿದ ಗೆರೆಗಳು ಸ್ಪ್ರಿಂಗಿನ ಹ್ಯಾಂಗರ್ ಬಳಿ ಸಿಗುತ್ತವೆ. ಅಲ್ಲಿ ಮಾತ್ರ ಬಳಿದ ಹೊಸ ಕಪ್ಪು ಪೇಂಟು ಎಲ್ಲವನ್ನೂ ಹೇಳುತ್ತದೆ.

ಮೀನು ಗೋತ್ರದ್ದು ಇನ್ನೊಂದು ಗತಿ. ಮಲ್ಪೆ, ಮಂಗಳೂರಿನ ಬಂದರುಗಳಿಂದ ಐಸಿನ ಜೊತೆ ಮೀನು ಹೊತ್ತು ಘಟ್ಟ ಹತ್ತಿದ ಗಾಡಿಗಳಿವು. ಕರಗಿದ ಐಸು ಉಪ್ಪುನೀರಾಗಿ ದಾರಿಯುದ್ದಕ್ಕೂ ಚಾಸಿಸ್ಸಿನ ಮೇಲೆ ಸೋರುತ್ತದೆ. ಹೊರಗಿಂದ ಸುಂದರ, ಒಳಗಿಂದ ಜರಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ತುಕ್ಕು ಹಪ್ಪಳದ ಹಾಗೆ ಕಳಚಿ ಬೀಳುತ್ತದೆ. ವಾಸನೆ ಹೋಗಲೆಂದು ಊದುಬತ್ತಿ ಹಚ್ಚಿರುತ್ತಾರೆ. ಮೂರು ಬಗೆಯ ಊದುಬತ್ತಿ ಉರಿಯುತ್ತಿದ್ದರೆ ಭಕ್ತಿ ಎಂದು ಭ್ರಮಿಸಬೇಡಿ. ಕೋಳಿ ಗೋತ್ರವೂ ಇದರ ದಾಯಾದಿಯೇ, ಹಿಕ್ಕೆಗೂ ಕಬ್ಬಿಣ ತಿನ್ನುವ ಗುಣವಿದೆ. ಬ್ಯಾಡಗಿ ಮೆಣಸಿನಕಾಯಿ ಹೊತ್ತ ಗಾಡಿಯನ್ನು ಗುರುತಿಸಲು ಯಾವ ಉಪಕರಣವೂ ಬೇಡ. ಒಂದು ಸೀನು ಸಾಕು.

ಟೊಮೆಟೊ ಗೋತ್ರ ವಿವಾದಾಸ್ಪದ. ಕೋಲಾರ, ಚಿಂತಾಮಣಿಯ ಗಾಡಿಗಳು ಹದಿನೈದು ಕಿಲೋದ ಕ್ರೇಟುಗಳನ್ನು ಹೊತ್ತು, ಹರಾಜಿಗೆ ಮೊದಲು ಮಂಡಿ ಮುಟ್ಟಬೇಕೆಂದು ಪ್ರಾಣ ಬಿಟ್ಟು ಓಡಿದವು. ತೂಕ ಹದವಾದದ್ದು, ವೇಗ ಹದ ಮೀರಿದ್ದು. ಇಂಜಿನ್ ದಣಿದಿರುತ್ತದೆ, ಚಾಸಿಸ್ ಚೆನ್ನಾಗಿರುತ್ತದೆ. ಬೆಲೆ ಬಿದ್ದ ವರ್ಷಗಳಲ್ಲಿ ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದದ್ದೂ ಇದೇ ಗಾಡಿಗಳು. ಆ ವರ್ಷ ಸರ್ವೀಸ್ ಮಾಡಿಸಿರಲಾರರು, ಯಾರನ್ನು ದೂರುವುದು.

ಹಾಲಿನ ರೂಟಿನ ಗಾಡಿಗೆ ರಜೆಯೆಂಬುದೇ ಗೊತ್ತಿಲ್ಲ. ಬಂದ್ ದಿನವೂ ಹಾಲಿಗೆ ವಿನಾಯಿತಿ. ಬೆಳಗ್ಗೆ ಸಂಜೆ ಅದೇ ದಾರಿ, ಅದೇ ನಿಲುಗಡೆ, ಅದೇ ಡ್ರೈವರು. ಕಿಲೋಮೀಟರ್ ಹೆಚ್ಚಿರುತ್ತದೆ ನಿಜ. ಆದರೆ ಕೆಟ್ಟು ನಿಂತರೆ ಹಾಲು ಒಡೆದು ಕಾಂಟ್ರಾಕ್ಟ್ ಹೋಗುವ ಭಯಕ್ಕೆ ಆಯಿಲನ್ನು ಸಮಯಕ್ಕೆ ಬದಲಿಸಿರುತ್ತಾರೆ. ಮೀಟರಿನ ದೊಡ್ಡ ಅಂಕಿ ನೋಡಿ ಜನ ಈ ಗಾಡಿಯನ್ನು ಬಿಟ್ಟುಹೋಗುತ್ತಾರೆ. ಬುದ್ಧಿವಂತ ಅಲ್ಲಿ ನಿಲ್ಲುತ್ತಾನೆ.

ಶಾಮಿಯಾನ ಗೋತ್ರ ಉತ್ತಮೋತ್ತಮ. ಬಟ್ಟೆ, ಕುರ್ಚಿ, ಬೊಂಬು, ತೂಕವಿಲ್ಲ, ಅವಸರವಿಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಯಿಲ್ಲದ್ದರಿಂದ ಗಾಡಿಗೂ ವಿಶ್ರಾಂತಿ. ದೋಷವೊಂದೇ, ನಿಂತೂ ನಿಂತೂ ಬ್ಯಾಟರಿ ಕೂತಿರುತ್ತದೆ. ಆದರೆ ಒಂದು ಅಪವಾದ ಕೇಳಿ ತಿಳಿಯಬೇಕು: ಈ ಗಾಡಿ ಗಣೇಶನನ್ನು ಬಿಡಲು ಹೋಗಿತ್ತೇ? ಮೇಲೆ ಜನರೇಟರು, ಆಳೆತ್ತರದ ಸ್ಪೀಕರುಗಳು, ಹನ್ನೆರಡು ಜನ ಹುಡುಗರು. ಸಂಜೆಯಿಂದ ನಡುರಾತ್ರಿವರೆಗೆ ಅರ್ಧ ಕ್ಲಚ್ಚಿನಲ್ಲಿ ಆಮೆ ನಡಿಗೆ. ವರ್ಷವೆಲ್ಲ ಸವೆಯದ ಕ್ಲಚ್ ಪ್ಲೇಟು ಆ ಒಂದು ರಾತ್ರಿಯಲ್ಲಿ ವಿಸರ್ಜನೆಯಾಗುತ್ತದೆ. ವಿಘ್ನೇಶ್ವರನ ಮೇಲೆ ಇದರ ಹೊಣೆ ಹೊರಿಸುವುದು ಶಾಸ್ತ್ರಸಮ್ಮತವಲ್ಲ.

ಅನುಪಲಬ್ಧಿ

ಇಲ್ಲದಿರುವುದನ್ನು ನೋಡಿ ತಿಳಿಯುವುದಕ್ಕೆ ಭಾಟ್ಟ ಮೀಮಾಂಸಕರು ಒಂದು ಪ್ರಮಾಣವನ್ನೇ ಮೀಸಲಿಟ್ಟರು. ಸರ್ವೀಸ್ ಬುಕ್ ಇಲ್ಲ: ಸರ್ವೀಸ್ ಆಗಿಲ್ಲ. ಎರಡನೇ ಕೀ ಇಲ್ಲ: ಅದು ಯಾರ ಕೈಯಲ್ಲಿದೆಯೆಂದು ತಿಳಿಯುವವರೆಗೆ ದುಡ್ಡು ಬಿಚ್ಚಬೇಡಿ. ಜಾಕು, ಪಾನಾ ಇಲ್ಲ: ಈ ಗಾಡಿಯ ಯಜಮಾನ ಎಂದೂ ತಾನೇ ಟೈರ್ ಬದಲಿಸಿದವನಲ್ಲ, ಡ್ರೈವರಿನ ಮೇಲೆ ಬಿಟ್ಟವನು.

ವ್ಯವಹಾರ ನಿರ್ಣಯ

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಟವಲಿನ ಅಡಿ ಬೆರಳು ಹಿಡಿದು ಬೆಲೆ ಮಾತಾಡುವುದನ್ನು ಕಂಡವರಿದ್ದಾರೆ. ಸುತ್ತ ನಿಂತವರಿಗೆ ಅಂಕಿ ಗೊತ್ತಾಗಬಾರದು, ಮುಖದಲ್ಲೂ ಕಾಣಬಾರದು. ಪಿಕಪ್ ವ್ಯಾಪಾರಕ್ಕೂ ಇದನ್ನು ತರಬೇಕೆಂದು ಪ್ರಸ್ತುತ ಲೇಖಕ ಒತ್ತಾಯಿಸುತ್ತಾನೆ. ಈಗಿನ ಪದ್ಧತಿಯಲ್ಲಿ ಬ್ರೋಕರ್ ನಿಮ್ಮನ್ನು ಮರದ ಅಡಿಗೆ ಕರೆದೊಯ್ದು ಒಂದು ಅಂಕಿ ಹೇಳುತ್ತಾನೆ, ಮಾರುವವನನ್ನು ಗೋಡೆಯ ಮರೆಗೆ ಕರೆದೊಯ್ದು ಇನ್ನೊಂದು. ಎರಡರ ನಡುವಿನ ಅಂತರವೇ ಅವನ ಮಗಳ ಕಾಲೇಜು ಫೀಜು.

ದನಕ್ಕೆ ಸುಳಿ ನೋಡಿದಂತೆ ಗಾಡಿಗೆ ನಂಬರ್ ಕೂಡಿಸುತ್ತಾರೆ. ಕೂಡಿಸಿದರೆ ಎಂಟು ಬಂತೋ, ಹತ್ತು ಜನ ಬಂದು ನೋಡಿ ‘ಶನಿ’ ಎಂದು ಹೋಗುತ್ತಾರೆ. ಹಾಲಿನ ರೂಟಿನ ಗಾಡಿ, ಕೂಡಿದರೆ ಎಂಟು, ಸಂಜೆ ನೆರೆದವರಲ್ಲಿ ಯಾರೂ ಕೈ ಹಾಕುತ್ತಿಲ್ಲ: ಈ ಮೂರೂ ಒಂದೇ ಕಡೆ ಸೇರುವುದು ಅಪರೂಪದ ಯೋಗ. ಆಗ ಜ್ಯೋತಿಷ್ಯದಲ್ಲಿ ನಂಬಿಕೆ ಇಲ್ಲದವನೂ ಎಂಟರ ದೋಷವನ್ನು ಕಣ್ಣೀರಿಟ್ಟು ವರ್ಣಿಸಿ ಇಪ್ಪತ್ತು ಸಾವಿರ ಇಳಿಸಿಕೊಳ್ಳಬೇಕು.

ನಿಂಬೆಹಣ್ಣಿನ ಅಧಿಕರಣ

ಕೊಂಡ ಗಾಡಿ ಮನೆಯ ಮುಂದೆ ಬಂದು ನಿಂತ ಮೇಲೆ ಪೂಜೆ. ಕುಂಬಳಕಾಯಿ ಒಡೆಯುವುದರಲ್ಲಿ ಭಿನ್ನಮತವಿಲ್ಲ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಡುವುದೂ ಸರ್ವಸಮ್ಮತ. ಸಂಶಯ ಇರುವುದು ಸ್ಟೆಪ್ನಿಯ ವಿಷಯದಲ್ಲಿ. ಅದೂ ಚಕ್ರವೇ ಆದ್ದರಿಂದ ಐದನೆಯ ಹಣ್ಣು ಬೇಕು ಎಂದು ಪೂರ್ವಪಕ್ಷ. ನೆಲಕ್ಕೆ ತಾಗದ ಚಕ್ರ ಹಣ್ಣನ್ನು ಜಜ್ಜಲಾರದು, ಜಜ್ಜದ ಹಣ್ಣು ದೃಷ್ಟಿ ತೆಗೆಯಲಾರದು, ಆದ್ದರಿಂದ ಬೇಡ ಎಂದು ಆಕ್ಷೇಪ. ತಾಗುವ ಯೋಗ್ಯತೆ ಇದ್ದರೆ ಸಾಕು, ತಾಗಿಯೇ ಇರಬೇಕೆಂದಿಲ್ಲ, ಕಡೆಗೆ ಸ್ಟೆಪ್ನಿಗೆ ತಾಗಿಸಿ ಎತ್ತಿಕೊಂಡರೂ ನಡೆಯುತ್ತದೆ ಎಂದು ಮನೆಯ ಹಿರಿಯರ ಸಿದ್ಧಾಂತ. ಅದರಂತೆ ಮನೆಯ ಚಿಕ್ಕ ಹುಡುಗನ ಕೈಗೆ ನಿಂಬೆಹಣ್ಣು ಕೊಟ್ಟು, ಹಿಂಬದಿಯಿಂದ ಚಾಸಿಸ್ಸಿನ ಅಡಿಗೆ ತೂರಿಸುತ್ತಾರೆ.

‘ಎಲ್ಲಿ ಮುಟ್ಟಿಸ್ಲಿ ಅಜ್ಜ? ಇಲ್ಲಿ ಬರೀ ಚೈನ್ ನೇತಾಡ್ತಿದೆ.’